ಅಡ್ಡ ನಿಲ್ಲುವವರು

ಮದುವೆ ಮಾಡಿಸುವವರಿಗಿಂತ ಅಡ್ಡ ನಿಲ್ಲುವವರಿಗೇ ನಮ್ಮ ಶಾಸ್ತ್ರಗಳಲ್ಲಿ ಕೆಲಸ ಹೆಚ್ಚು. ಜಾತಕ ತಿರುವಿಹಾಕಿ, ಛತ್ರಕ್ಕೆ ಮುಂಗಡ ಕೊಟ್ಟು, ಊರಿಗೆಲ್ಲ ಲಗ್ನಪತ್ರಿಕೆ ಹಂಚಿದ ಮೇಲೆ ಹುಡುಗ 'ಸಂಸಾರ ಬೇಡ, ಕಾಶಿಗೆ ಹೋಗ್ತೀನಿ' ಎಂದು ಕೊಡೆ, ಕೋಲು ಹಿಡಿದು ಹೊರಡುತ್ತಾನೆ. ಬ್ರಾಹ್ಮಣರ ಮದುವೆಯ ಈ ಕಾಶಿ ಈಚೆಗೆ ಛತ್ರದ ಪಾರ್ಕಿಂಗ್ ದಾಟುವುದಿಲ್ಲ. ಹೆಣ್ಣಿನ ಕಡೆಯವರು ಮನವೊಲಿಸಿ ಕರೆತರುವಷ್ಟರಲ್ಲಿ ಫೋಟೋದವನು 'ಬಿಸಿಲು ಹೊಡೀತಾ ಇದೆ, ಇನ್ನೊಂದ್ಸಲ ಹೋಗಿಬನ್ನಿ ಸಾರ್' ಅನ್ನುತ್ತಾನೆ. ಎರಡನೇ ಸಲದ ವೈರಾಗ್ಯದಲ್ಲಿ ಬೆವರೇ ಜಾಸ್ತಿ. ಒಳಗೆ ಬಂದರೆ ಅಂತರಪಟ. ತಿಂಗಳುಗಟ್ಟಲೆ ರಾತ್ರಿ ಎರಡರವರೆಗೆ ಫೋನಿನಲ್ಲಿ ಹರಟಿದವರ ನಡುವೆ ಬಟ್ಟೆ ಹಿಡಿದು, ಮುಖ ನೋಡಬೇಡಿ ಅನ್ನುತ್ತಾರೆ. ಬಟ್ಟೆ ಸರಿದಾಗ ಇಬ್ಬರೂ ನಿಜವಾಗಿಯೇ ನಾಚುತ್ತಾರೆ, ಅದೇ ಸೋಜಿಗ.

ಉತ್ತರ ಕರ್ನಾಟಕದಲ್ಲಿ ಅಡ್ಡಗಟ್ಟುವುದು ಹೊಸ್ತಿಲಲ್ಲಿ. 'ಹೆಸರ ಹೇಳವಾ, ಅಂದ್ರ ಒಳಗ ಬಿಡ್ತೀವಿ' ಎಂದು ನಾದಿನಿಯರು ಬಾಗಿಲಿಗೆ ಕೈ ಚಾಚಿ ನಿಲ್ಲುತ್ತಾರೆ. ಗಂಡನ ಹೆಸರನ್ನು ಸುಮ್ಮನೆ ಹೇಳಿದರೆ ನಡೆಯದು, ಪ್ರಾಸ ಕೂಡಿಸಿ ಒಡಪು ಕಟ್ಟಬೇಕು. ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಬಂದ ಮದುಮಗಳ ಚಾರ್ಜ್ ಹೊಸ್ತಿಲ ಮೇಲೇ ಮುಗಿದದ್ದನ್ನು ನೋಡಿದ್ದೇನೆ.

ಆದರೆ ಈ ವಿದ್ಯೆಯಲ್ಲಿ ಕೊಡವರನ್ನು ಮೀರಿಸುವವರಿಲ್ಲ. ಅಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ. ಹಿರಿಯರು ಅಕ್ಕಿ ಹಾಕಿ ಹರಸಿದರೆ ಮುಗಿಯಿತು. ಉಳಿಸಿದ ಸಮಯವನ್ನೆಲ್ಲ ಗಂಗಾಪೂಜೆಗೆ ಸುರಿಯುತ್ತಾರೆ. ಹೊಸ ಸೊಸೆ ಬಾವಿಗೆ ಪೂಜೆ ಮಾಡಿ, ನೀರಿನ ಬಿಂದಿಗೆ ತಲೆಯ ಮೇಲಿಟ್ಟು ಮನೆಯತ್ತ ತಿರುಗಿದೊಡನೆ ಗಂಡಿನ ಕಡೆಯವರು ಎದುರಿಗೆ ವಾಲಗಕ್ಕೆ ಕುಣಿಯತೊಡಗುತ್ತಾರೆ. ಅವರು ಹಿಂದೆ ಸರಿದಷ್ಟೇ ಅವಳು ಹೆಜ್ಜೆ ಮುಂದಿಡಬೇಕು. ಸರಿಯುತ್ತಾರೆಯೇ? ಒಂದು ಹೆಜ್ಜೆ ಬಿಟ್ಟುಕೊಟ್ಟು ಎರಡು ಹೆಜ್ಜೆ ಮುನ್ನುಗ್ಗುತ್ತಾರೆ. ಬಿಂದಿಗೆಯ ನೀರು ಹಣೆಗಿಳಿದು, ಅತ್ತೆಯ ತಮ್ಮ ಆರನೇ ಸಲ ಕುಣಿಯಲು ಬಂದರೂ ಹುಡುಗಿ ನಗುತ್ತಲೇ ನಿಂತಿರಬೇಕು. ಗಂಟೆಗಟ್ಟಲೆ ಹೀಗೆ. ಮುಂದಿನ ಸಂಸಾರದಲ್ಲಿ ಯಾರು ಯಾರು ದಾರಿಗೆ ಅಡ್ಡ ಬರುತ್ತಾರೆಂದು ಅವಳಿಗೆ ಅಲ್ಲೇ ಪರಿಚಯವಾಗಿಬಿಡುತ್ತದೆ.

ಮನು ಎಂಟು ಬಗೆಯ ವಿವಾಹ ಹೇಳಿದ್ದಾನೆ. ಅದರಲ್ಲಿ ಗಾಂಧರ್ವಕ್ಕೆ ಇಬ್ಬರ ಒಪ್ಪಿಗೆಯೊಂದೇ ಸಾಕು. ಶಕುಂತಲೆಗೆ ಅಡ್ಡಿ ಆಮೇಲೆ ಬಂತು, ಉಂಗುರ ಮೀನಿನ ಹೊಟ್ಟೆ ಸೇರಿದಾಗ. ಸರ್ಕಾರ ಅಷ್ಟು ಕಾಯುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಂತೆ ನೋಟಿಸು ಕೊಟ್ಟು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ, 30 ದಿನ ತಕರಾರಿಗೆ ಬಾಗಿಲು ತೆರೆದಿಡುತ್ತಾರೆ. ನಾದಿನಿಯರಾದರೆ ಒಡಪಿಗೆ ಕರಗುತ್ತಾರೆ. ಈ ನೋಟಿಸಿಗೆ ಪ್ರಾಸ ತಾಗುವುದಿಲ್ಲ.

ಕುವೆಂಪು ಮಾತ್ರ ಅಡ್ಡಿಗಳನ್ನೆಲ್ಲ ಒಟ್ಟಿಗೇ ತೆಗೆದುಹಾಕಿದರು. 1966ರಲ್ಲಿ ಮಗ ತೇಜಸ್ವಿಯ ಮದುವೆ ಮಾಡಿದ್ದು ಮಂತ್ರಮಾಂಗಲ್ಯದಲ್ಲಿ: ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಅದೇ ಕ್ರಮದ ಮದುವೆಯೊಂದಕ್ಕೆ ನಾನೂ ಹೋಗಿದ್ದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು, ಜನ ಊಟದ ಮನೆಗೆ ನುಗ್ಗಿದರು. ಅಡುಗೆಯವರು ಸೌಟು ಅಡ್ಡ ಹಿಡಿದು ನಿಂತಿದ್ದರು. 'ಇನ್ನೂ ಬೇಳೆ ಬೆಂದಿಲ್ಲ ಸ್ವಾಮಿ, ಇಷ್ಟು ಬೇಗ ಮದುವೆ ಮುಗಿಸಿದ್ರೆ ನಾವೇನ್ ಮಾಡೋಣ?' ಹಿರಿಯರೊಬ್ಬರು ತುಸು ಯೋಚಿಸಿ, ಪ್ರತಿಜ್ಞೆಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿಸಿ ಎಂದರು. ಓದಿಸಿದರು.