ಕರಡಿಯ ಹಲ್ಲು ಫಳಫಳ

ಮೂರು ವರ್ಷದ ಮಗು ಮೊಬೈಲಿನಲ್ಲಿ ಕರಡಿಗೆ ಹಲ್ಲುಜ್ಜುತ್ತಿದೆ. ಬೆರಳಾಡಿಸಿದರೆ ನೊರೆ ಬರುತ್ತದೆ, ನಕ್ಷತ್ರ ಉದುರುತ್ತವೆ, ಚಪ್ಪಾಳೆ ಕೇಳುತ್ತದೆ. ಅಪ್ಪ ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಮಗು ತಾನು ಹಲ್ಲುಜ್ಜಿದೆಯೇ ಎಂದು ಮಾತ್ರ ಕೇಳಬೇಡಿ. ಬ್ರಷ್ ಕಂಡರೆ ಮಂಚದ ಕೆಳಗೆ ನುಗ್ಗುತ್ತದೆ.

ಆಟದ ಮೂಲಕ ಒಳ್ಳೆಯ ಅಭ್ಯಾಸವಂತೆ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತು. ನಾವು ಅದನ್ನು ಮೊಬೈಲಿನಲ್ಲಿ ಓದಿದೆವು. ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿದೆವು. ಆಮೇಲೆ ಮೊಬೈಲನ್ನು ಮಗುವಿನ ಕೈಗೆ ಕೊಟ್ಟೆವು.

ಪ್ರೀಸ್ಕೂಲಿನಲ್ಲಿ ಟ್ರಾಫಿಕ್ ಆಟ ಆಡಿಸುತ್ತಾರೆ. ನೆಲದ ಮೇಲೆ ಬಳಿದ ಜೀಬ್ರಾ ಪಟ್ಟೆ, ರಟ್ಟಿನ ಸಿಗ್ನಲ್. ಟೀಚರ್ ‘ರೆಡ್’ ಎಂದರೆ ಇಪ್ಪತ್ತು ಪುಟಾಣಿಗಳು ನಿಂತಲ್ಲೇ ನಿಲ್ಲುತ್ತವೆ. ಮಧ್ಯಾಹ್ನ ಅಪ್ಪ ಬರುತ್ತಾನೆ, ಹೆಲ್ಮೆಟ್ಟನ್ನು ಮೊಣಕೈಗೆ ಹಾಕಿಕೊಂಡು. ಮಗು ಸ್ಕೂಟರಿನ ಮುಂದೆ ನಿಲ್ಲುತ್ತದೆ. ಸರ್ಕಲ್ಲಿನಲ್ಲಿ ಕೂಗುತ್ತದೆ: “ಅಪ್ಪಾ, ರೆಡ್ಡು!”

“ಪೊಲೀಸಿಲ್ಲ ಬಿಡು ಪುಟ್ಟಾ.”

ಆಟ ಕಲಿಸದ್ದನ್ನು ಅಪ್ಪ ಒಂದೇ ಮಾತಿನಲ್ಲಿ ಕಲಿಸಿದ. ಫೀಸೂ ಇಲ್ಲ.

ಅಕ್ಟೋಬರ್ 15 ಜಾಗತಿಕ ಕೈತೊಳೆಯುವ ದಿನ. ಮಕ್ಕಳು ವೇದಿಕೆಯ ಮೇಲೆ ಸಾಲಾಗಿ ನಿಂತು, ಹಾಡು ಹೇಳುತ್ತಾ ಗಾಳಿಯಲ್ಲಿ ಕೈ ಉಜ್ಜಿಕೊಳ್ಳುತ್ತವೆ. ಗಾಳಿಯಲ್ಲೇ ಉಜ್ಜಬೇಕು, ಶೌಚಾಲಯದ ನಲ್ಲಿಯಲ್ಲಿ ನೀರಿಲ್ಲ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ಎಂದು ಮುಖ್ಯ ಅತಿಥಿಗಳು 40 ನಿಮಿಷ ಮಾತಾಡುತ್ತಾರೆ. ಬೋಂಡಾ ತಿಂದು ಎಣ್ಣೆಗೈಯನ್ನು ವೇದಿಕೆಯ ಪರದೆಗೆ ಒರೆಸುತ್ತಾರೆ. ಮುಂದಿನ ಸಾಲಿನ ಮಕ್ಕಳು ನೋಡುತ್ತಿರುತ್ತವೆ. ಮಕ್ಕಳಿಗೆ ಅದೊಂದು ಕೆಟ್ಟ ಚಟ, ನೋಡುವುದು.

ಆಡಿಸುತ್ತಾ ಕಲಿಸುವುದನ್ನು ಯಾವ ಆ್ಯಪ್ ಕಂಪನಿಯೂ ಕಂಡುಹಿಡಿಯಲಿಲ್ಲ. 1995ರಲ್ಲೇ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಶುರುವಾಗಿತ್ತು. ಕಾರ್ಡು, ಹಾಡು, ಆಟ, ನೆಲದ ಮೇಲೆ ಗುಂಪಾಗಿ ಕೂತ ಮಕ್ಕಳು. ಆ ಶಾಲೆಗೆ ಮಗುವನ್ನು ಕಳಿಸಲು ನಮಗೆ ಮರ್ಯಾದೆ ಅಡ್ಡ ಬರುತ್ತದೆ. ಅದನ್ನೇ ‘ಪ್ಲೇ-ಬೇಸ್ಡ್ ಲರ್ನಿಂಗ್’ ಎಂದು ಬೋರ್ಡು ಬರೆಸಿ ಎಸಿ ಹಾಕಿದರೆ, ಬೆಳಗಿನ ಜಾವಕ್ಕೇ ಕ್ಯೂ ನಿಂತು ಲಕ್ಷ ಕಟ್ಟಿ ಬರುತ್ತೇವೆ.

ಹಸಿ ಕಸ, ಒಣ ಕಸದ ಆಟವೂ ಇದೆ. ಬಾಳೆಹಣ್ಣಿನ ಸಿಪ್ಪೆ ಹಸಿರು ಡಬ್ಬಿಗೆ ಬಿದ್ದರೆ ಹತ್ತು ಅಂಕ. ಮಗು ಹಂತದ ಮೇಲೆ ಹಂತ ಗೆಲ್ಲುತ್ತಿದೆ. ಮನೆಯಲ್ಲಿ ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದೊಳಗೆ. ರಾತ್ರಿ ಹತ್ತಾದ ಮೇಲೆ ಆ ಚೀಲ ಬೀದಿಯ ಮೂಲೆಯಲ್ಲಿ, ಕಸ ಹಾಕಬಾರದೆಂದೇ ಗೋಡೆಗೆ ಅಂಟಿಸಿದ ದೇವರ ಫೋಟೋದ ಕೆಳಗೆ.

ಒಂದು ವಿನಂತಿ, ಸ್ವಾಮಿ. ಇವತ್ತು ರಾತ್ರಿ ಆ ಚೀಲ ಎಸೆಯಲು ಹೋಗುವಾಗ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಅದು ಬಹಳ ಬೇಗ ಕಲಿಯುತ್ತದೆ.