ಜ್ವರಕ್ಕೊಂದು ಮುಹೂರ್ತ

ಗದಗ ಜಿಲ್ಲೆಯ ತಾಯಂದಿರಲ್ಲಿ ಒಂದು ವಿನಂತಿ. ನೆಗಡಿ, ಜ್ವರ, ವಾಂತಿ-ಭೇದಿ, ಏನೇ ಬರುವುದಿದ್ದರೂ ಹೆರಿಗೆಯಾದ 42 ದಿನದೊಳಗೆ ತರಿಸಿಕೊಂಡು ಮುಗಿಸಿಬಿಡಿ. ಅಲ್ಲಿಯವರೆಗೆ ನೀವು ಸರ್ಕಾರದ ಕಣ್ಣಿಗೆ ಕಾಣುತ್ತೀರಿ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ತೂಗಿ, ನಿಮ್ಮ ಮೈಯನ್ನೂ ಮುಟ್ಟಿ ನೋಡಬೇಕೆಂದು ನಿಯಮವಿದೆ. ಆಮೇಲೆ ಮೂರು ತಿಂಗಳಿಗೊಮ್ಮೆ ಅವಳು ಬರುವುದು ಕೂಸಿನ ಲೆಕ್ಕಕ್ಕೆ. 43ನೇ ದಿನ ಬಂದ ಜ್ವರ ಯಾವ ರಿಜಿಸ್ಟರಿಗೂ ಸೇರದ ಪರದೇಶಿ. (ಆಶಾಳನ್ನು ಬೈಯಬೇಡಿ. ಅವಳಿಗೆ ಸಂಬಳವಿಲ್ಲ, ಗೌರವಧನ. ಅವಳ ಜ್ವರಕ್ಕೂ ಗೌರವವಷ್ಟೇ.)

ನೌಕರಿಯವರ ಪಾಡು ಬೇರೆ. 12 ವಾರವಿದ್ದ ಹೆರಿಗೆ ರಜೆಯನ್ನು 2017ರ ತಿದ್ದುಪಡಿ 26 ವಾರಕ್ಕೆ ಏರಿಸಿತು. ಕಾಯಿಲೆ ಬಿದ್ದರೆ ಮೇಲೊಂದು ತಿಂಗಳೂ ಉಂಟು, ಆದರೆ ಅದು ಬಸಿರು-ಬಾಣಂತನದಿಂದಲೇ ಹುಟ್ಟಿದ ಕಾಯಿಲೆಯಾಗಿರಬೇಕು. ಆದ್ದರಿಂದ ಮೈ ಬಿಸಿಯಾದ ಕೂಡಲೇ ಮೊದಲು ಅದರ ಕುಲಗೋತ್ರ ವಿಚಾರಿಸಿ: ನೀನು ಹೆರಿಗೆಯ ಪೈಕಿಯೋ, ಮಳೆಗಾಲದ ಪೈಕಿಯೋ?

ಬೆಟಗೇರಿಯ ಮಗ್ಗದ ಮನೆಯ ಸೊಸೆಗೆ ಈ ತಾಪತ್ರಯವೇ ಇಲ್ಲ. ಮಗ್ಗದ ಮುಂದೆ ಕೂತವನು ನೇಕಾರ. ಅವನಿಗೆ ಕಂಡಿಕೆ ಸುತ್ತಿಕೊಡುವವಳು ‘ಮನ್ಯಾಗ ಇರತಾಳ’. ಕೆಲಸವೇ ಇಲ್ಲದವಳಿಗೆ ರಜೆ ಎಲ್ಲಿಂದ ಬರಬೇಕು? ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದರಲ್ಲಿ ರಾಟೆ, ಮೂರನೆಯದರಿಂದ ಹಣೆಗೆ ತಣ್ಣೀರು ಪಟ್ಟಿ. ಮುಂಡರಗಿ ಕಡೆಯ ಹಳ್ಳಿಗಳಿಗೆ ‘ಕೂಸಿನ ಮನೆ’ ಯೋಜನೆಯಿದೆ, ಒಳ್ಳೆಯದೇ. ಕೂಲಿಗೆ ಹೋಗುವ ತಾಯಿ ಅಲ್ಲಿ ಕೂಸನ್ನು ಬಿಡಬಹುದು. ಜ್ವರ ಬಂದು ಮಲಗಬೇಕಾದವಳು ಕೂಡ ಗುದ್ದಲಿ ಹಿಡಿದು ಹೊರಟರೆ ಯೋಜನೆಗೆ ಅರ್ಹಳಾದಾಳು.

ಇನ್ನು ಶಿರಹಟ್ಟಿಯ ಅತ್ತೆಯಂದಿರ ಆರೋಗ್ಯ ಇಲಾಖೆ. ಸೊಸೆ ಒಂದು ಸಲ ಸೀನಿದರೆ ಸಾಕು, “ಎದಿ ಹಾಲ ಕುಡಸಬ್ಯಾಡವಾ, ಕೂಸಿಗೆ ಹತ್ತತೈತಿ.” ಸಾಮಾನ್ಯ ನೆಗಡಿ-ಜ್ವರಕ್ಕೆ ಹಾಲು ನಿಲ್ಲಿಸಬೇಕಿಲ್ಲ, ಕೈ ತೊಳೆದು, ಬಾಯಿ-ಮೂಗು ಮುಚ್ಚಿಕೊಂಡು ಕುಡಿಸಿದರಾಯಿತು, ರೋಗದ ಎದುರು ಸೆಣಸುವ ಪ್ರತಿಕಾಯಗಳು ಆ ಹಾಲಿನಲ್ಲೇ ಇರುತ್ತವೆ ಎನ್ನುತ್ತಾರೆ ವೈದ್ಯರು. 2020ರಲ್ಲಿ ಕೊರೊನಾ ತಗುಲಿದ ತಾಯಂದಿರಿಗೂ ವಿಶ್ವ ಆರೋಗ್ಯ ಸಂಸ್ಥೆ ಕುಡಿಸಿರೆಂದೇ ಹೇಳಿತ್ತು. ಆದರೆ ಆ ಸಂಸ್ಥೆ ಎಷ್ಟು ಬಾಣಂತನ ಮಾಡಿದೆ? ಅತ್ತೆ ನಾಲ್ಕು ಮಾಡಿದ್ದಾಳೆ. ಅವಳ ಶಾಸ್ತ್ರದಲ್ಲಿ ಕೂಸಿಗೆ ನೆಗಡಿಯಾದರೆ ಸೊಸೆ ಮೊಸರು ತಿಂದದ್ದಕ್ಕೆ. ಸೊಸೆಗೆ ನೆಗಡಿಯಾದರೆ ಸೊಸೆ ತಲೆಗೆ ಅರಿವೆ ಕಟ್ಟದ್ದಕ್ಕೆ. ಹಗಲು ಹಾಲು ಬಂದ್ ಮಾಡಿಸಿದ ಅದೇ ಬಾಯಿ ನಡುರಾತ್ರಿ ಕೂಸು ಚೀರಿದಾಗ, “ಎದಿಗೆ ಹಚ್ಚಬಾರದ? ಯಾಕ ಅಳಸ್ತಿ ಅದನ್ನ?”

ಕಡೆಗೆ ತಡೆಯದೆ ಇಂಥ ತಾಯಿಯೊಬ್ಬಳು ಲಕ್ಷ್ಮೇಶ್ವರದಿಂದ ಗದಗಿನ ದವಾಖಾನೆಗೆ ಹೊರಟಳೆನ್ನಿ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪುಕ್ಕಟೆ, ಆದ್ದರಿಂದ ಸೀಟು ಮಾತ್ರ ದುರ್ಲಭ. ಕಂಕುಳಲ್ಲಿ ಕೂಸನ್ನು ಕಂಡು ಹಿರಿಯಳೊಬ್ಬಳು ಸರಿದು ಜಾಗ ಕೊಟ್ಟಳು.

“ಕೂಸಿಗೆ ಜ್ವರೇನವಾ?”

“ಇಲ್ರಿ ಯಮ್ಮಾ, ನನಗ.”

“ನಿನಗ? ನಿನಗೇನಾಗೇತಿ, ಗಟ್ಟಿ ಅದಿ. ಹಂಗಾರ ಈ ಚೀಲಾನೂ ಒಂದೀಟು ತೊಡಿ ಮ್ಯಾಲ ಇಟಗೋ.”