ಛಲೋ ಹಲ್ಲ ಯಾಕ ಕೀಳಸ್ತೀಪಾ?

ಹುಳುಕು ಹಲ್ಲು ಕೀಳಿಸಲು ನಮ್ಮ ಮನೆಯಲ್ಲಿ ಯಾರ ತಕರಾರೂ ಇಲ್ಲ. ಆದರೆ ಕಲಬುರಗಿಯಿಂದ ಹೈದರಾಬಾದಿನ ಕಾಚಿಗುಡದ ನಮ್ಮ ಮನೆಗೆ ಬಂದಿದ್ದ ಅವ್ವ, ಮೊಮ್ಮಗನ ಎರಡು ಗಟ್ಟಿ ಹಲ್ಲಿಗೆ ಮುಹೂರ್ತ ಇಟ್ಟಿದ್ದಾರೆಂದು ಕೇಳಿ ತಟ್ಟೆ ಸರಿಸಿಬಿಟ್ಟಳು. "ಕಬ್ಬು ಸುಲಿಯೋ ಹಲ್ಲವು! ಛಲೋ ಹಲ್ಲ ಯಾಕ ಕೀಳಸ್ತೀಪಾ?"

ಡಿಗ್ರಿ ಓದುವ ನನ್ನ ಮಗನಿಗೆ ಕೆಳಸಾಲಿನ ಹಲ್ಲು ಮೇಲಿನ ಸಾಲಿಗಿಂತ ಮುಂದೆ. ಸುಮ್ಮನೆ ಕೂತರೂ ಯಾರ ಮೇಲೋ ಸಿಟ್ಟಾದವನಂತೆ ಕಾಣುತ್ತಾನೆ. ಯುರೋಪಿನ ಹ್ಯಾಬ್ಸ್‌ಬರ್ಗ್ ದೊರೆಗಳಿಗೂ ಇಂಥದೇ ದವಡೆ. ಚಕ್ರವರ್ತಿ ಐದನೆಯ ಚಾರ್ಲ್ಸ್ ಗಡ್ಡ ಬಿಟ್ಟುಕೊಂಡು ಸಂಭಾಳಿಸಿದ. ನಮ್ಮವನಿಗೆ ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ.

ದವಡೆ ತೀರಾ ಮುಂದಿದ್ದರೆ ಆಪರೇಷನ್ನೇ ಬೇಕು, ಇವನದು ಅಷ್ಟಿಲ್ಲ ಎಂದರು ಡಾಕ್ಟರು. ಕೆಳಗಡೆ ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲು ತೆಗೆದರೆ ಎರಡೂ ಬದಿ ಸುಮಾರು 7 ಮಿಲಿಮೀಟರ್ ಜಾಗ ಸಿಗುತ್ತದೆ. ಮುಂದಿನ ಆರು ಹಲ್ಲಿಗೆ ಕ್ಲಿಪ್ ಹಾಕಿ ಹಿಂದಕ್ಕೆಳೆಯುವುದು. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸದಾಗಿ ಬೆಳೆಯುತ್ತದೆ. ವೇಗ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್.

ಅವ್ವನ ವಾದವೇನೂ ಹಗುರದ್ದಲ್ಲ. ಹಲ್ಲಿನ ಸಾಲು ಸರಿಪಡಿಸುವ ಈ ವಿದ್ಯೆಯ ಮೂಲಪುರುಷ, ಅಮೆರಿಕದ ಎಡ್ವರ್ಡ್ ಆಂಗಲ್ ಕೂಡ 32 ಹಲ್ಲೂ ಇರಲೇಬೇಕೆಂದು ಹಟ ಹಿಡಿದಿದ್ದ. 1930ರಲ್ಲಿ ಅವನು ತೀರಿಕೊಂಡ. ಅವನ ಶಿಷ್ಯ ಚಾರ್ಲ್ಸ್ ಟ್ವೀಡ್, ತಾನು ಗುರುವಿನ ಪದ್ಧತಿಯಂತೆ ಸರಿಪಡಿಸಿದ ಬಾಯಿಗಳನ್ನು ಮತ್ತೆ ನೋಡಿ, ತೃಪ್ತಿಯಾಗದೆ ಇಕ್ಕಳ ಕೈಗೆತ್ತಿಕೊಂಡ.

ಮಗನ ಭಯ ಹಲ್ಲು ಕೀಳುವ ಮೊದಲು ಮರಗಟ್ಟಿಸುವ ಸೂಜಿಯದು. ಅವನಿಗೆ ನಮ್ಮ ಅಫ್ಜಲ್‌ಗಂಜಿನ ಕತೆ ಹೇಳಿದೆ. ಪ್ರಜ್ಞೆ ತಪ್ಪಿಸುವ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತವೆಂದು ತಿಳಿಯಲು 1888 ಮತ್ತು 1889ರಲ್ಲಿ ಡಾ. ಎಡ್ವರ್ಡ್ ಲಾರಿ ನಿಜಾಮರ ಖರ್ಚಿನಲ್ಲಿ ಇದೇ ಊರಲ್ಲಿ ಪ್ರಯೋಗ ನಡೆಸಿದ್ದ. "ಯಾರ ಮೇಲೆ?" ಎಂದ ಮಗ. ನಾಯಿಗಳ ಮೇಲೆ ಎಂದದ್ದರಿಂದ ಏನೂ ಉಪಯೋಗವಾಗಲಿಲ್ಲ.

ಹಲ್ಲು ಕಿತ್ತದ್ದಾಯಿತು. ಅರ್ಧ ಗಂಟೆ ಹತ್ತಿ ಕಚ್ಚಿಕೊಂಡು ಕೂತ ಮಗನನ್ನು ಅವ್ವ "ನೋವಾಗತೈತೇನಪಾ? ಏನರೆ ಹೇಳು" ಎಂದು ಪೀಡಿಸಿದಳು. ಜೋಳದ ರೊಟ್ಟಿ ಬಂದ್, ಬಿಸಿ ಇರಾನಿ ಚಹಾ ಬಂದ್. ಐಸ್‌ಕ್ರೀಮಿಗೆ ಮಾತ್ರ ಡಾಕ್ಟರ ಅಪ್ಪಣೆಯೇ ಇತ್ತು. ಅವ್ವನೂ ಎರಡು ಕಪ್ ತಿಂದಳು.

ಕ್ಲಿಪ್ ಬಿಚ್ಚಿದ ಮೇಲೂ ವರ್ಷಗಟ್ಟಲೆ ರಾತ್ರಿ ರಿಟೇನರ್ ಹಾಕಿಕೊಂಡೇ ಮಲಗಬೇಕು, ಇಲ್ಲದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಹೊರಡುತ್ತವೆ. ಇದನ್ನು ಮಕ್ಕಳಿಗೆ ಹಲ್ಲು ಕೀಳಿಸುವ ಮೊದಲೇ ಹೇಳಿಬಿಡಿ.